ದ್ರಾಕ್ಷಿಗೆ ಹೊಡೆಯುವ ಕಡಲಪಾಚಿ

ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿಸಿ ನಮ್ಮ ತಿಕೋಟಾದ ದ್ರಾಕ್ಷಿಗೆ ಸೀವೀಡ್, ಅಂದರೆ ಕಡಲಪಾಚಿಯ, ದ್ರಾವಣ ಹೊಡೆಯುವಾಗ ಅವ್ವ ಕೇಳಿದಳು: "ಇದು ಯಾವ ಹೊಲದಾಗ ಬೆಳಿತೈತೋ?" ಸಮುದ್ರದಾಗ ಅಂದೆ. ನಂಬಲಿಲ್ಲ.

ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಹೆಣ್ಣುಮಕ್ಕಳು ನೀರಲ್ಲಿ ಮುಳುಗಿ, ಬಂಡೆಗೆ ಅಂಟಿದ ಪಾಚಿಯನ್ನು ಕೈಯಿಂದಲೇ ಕಿತ್ತು ತರುತ್ತಿದ್ದರು. ಎಂಥ ಕಷ್ಟದ ದುಡಿಮೆ! ಕಪ್ಪಾಫೈಕಸ್ ಎಂಬ ಕಡಲಪಾಚಿ ಬಂದ ಮೇಲೆ ಬಿದಿರಿನ ತೆಪ್ಪಕ್ಕೆ ಹಗ್ಗ ಬಿಗಿದು, ತುಂಡು ಕಟ್ಟಿ ಬೆಳೆಸತೊಡಗಿದರು. ಸುಮಾರು 45 ದಿನಕ್ಕೆ ಕೊಯ್ಲು. ತುಂಡೇ ಬಿತ್ತನೆ, ನಮ್ಮ ಕಬ್ಬಿನ ಹಾಗೆ. ಕಬ್ಬು ಅಂದಾಗಲೇ ಅವ್ವನಿಗೆ ತಿಳಿದದ್ದು.

ಜಪಾನಿನವರು ತಿನ್ನುವ ನೋರಿ ಎಂಬ ಕಡಲಪಾಚಿಯ ಕಥೆ ನನಗೆ ಇನ್ನೂ ಇಷ್ಟ. ಅದರ ಬೀಜ ಎಲ್ಲಿಂದ ಬರುತ್ತದೆಂದೇ ಬೆಳೆಗಾರರಿಗೆ ಗೊತ್ತಿರಲಿಲ್ಲ. ಆ ಬಳಗದ ಪಾಚಿ ಒಂದು ಹಂತದಲ್ಲಿ ಚಿಪ್ಪಿನೊಳಗೆ ಬದುಕುತ್ತದೆಂದು 1949ರಲ್ಲಿ ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಕ್ಯಾಥ್ಲೀನ್ ಡ್ರೂ-ಬೇಕರ್. ಅವರು ಜಪಾನ್ ನೋಡಲೇ ಇಲ್ಲ. ಆದರೂ ಪ್ರತಿ ಏಪ್ರಿಲ್ 14ರಂದು ಅಲ್ಲಿನ ಉಟೋ ಊರಿನಲ್ಲಿ ಅವರನ್ನು ನೆನೆಯುತ್ತಾರೆ.