ಮಳೆಯ ಮರುದಿನದ ಶೇಕಡಾ 8.4

ಭೂಗರ್ಭದಲ್ಲಿ ಇಂಗಾಲದ ಡೈಆಕ್ಸೈಡ್ ಸಂಗ್ರಹಿಸುವ ತಾಣವೊಂದರಲ್ಲಿ ಮಣ್ಣಿನೊಳಗಿನ ಅನಿಲವನ್ನು ಅಳೆಯುವುದು ನನ್ನ ಕೆಲಸ. ಒಂದು ಕಿಲೋಮೀಟರಿಗೂ ಆಳದಲ್ಲಿ, ಉಪ್ಪುನೀರು ತುಂಬಿದ ಮರಳುಗಲ್ಲಿನ ಪದರಕ್ಕೆ ಅನಿಲವನ್ನು ಒತ್ತಿ ಕಳುಹಿಸಲಾಗುತ್ತದೆ. ಅದರ ಮೇಲಿರುವ ಜೇಡಿಗಲ್ಲಿನ ಪದರ ಮುಚ್ಚಳದಂತೆ ಅದನ್ನು ತಡೆದಿಡುತ್ತದೆ. ನನಗೆ ಆ ಮುಚ್ಚಳಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಅದನ್ನು ತೂರಿಕೊಂಡು ಹೋಗಿರುವ ಹಳೆಯ ಕೊಳವೆಬಾವಿಗಳು.

ಎರಡು ದಿನ ಸುರಿದ ಮಳೆ ನಿಂತ ಮರುದಿನ, ಮುಚ್ಚಿದ ಅಂಥದ್ದೊಂದು ಬಾವಿಯ ಪಕ್ಕದಲ್ಲಿ ಉಕ್ಕಿನ ಕೊಳವೆಯನ್ನು ಒಂದು ಮೀಟರ್ ಆಳಕ್ಕೆ ಇಳಿಸಿದೆ. ಕೊಳವೆಯೊಳಗೆ ನಿಂತಿದ್ದ ಗಾಳಿಯನ್ನು ಸಿರಿಂಜಿನಿಂದ ಎಳೆದು ಹೊರಚೆಲ್ಲಿ, ಆಮೇಲೆ ಬಂದ ಅನಿಲವನ್ನು ಮಾಪಕಕ್ಕೆ ಹಾಯಿಸಿದಾಗ ಪರದೆಯ ಮೇಲೆ ಇಂಗಾಲದ ಡೈಆಕ್ಸೈಡ್ ಶೇಕಡಾ 8.4 ಎಂದು ಕಾಣಿಸಿತು. ಹಿಂದಿನ ಬಾರಿ ಅದೇ ಜಾಗದಲ್ಲಿ ಸಿಕ್ಕಿದ್ದು 1.6 ಮಾತ್ರ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆ. ಮಂಡಿಯೂರಿದ್ದವನು ತಟ್ಟನೆ ಎದ್ದು ನಿಂತೆ. ಸೊಂಟದ ಎಚ್ಚರಿಕೆ ಯಂತ್ರ ಮಾತ್ರ ಮೌನವಾಗಿತ್ತು.

"ಸರ್, ಸೋರಿಕೆ ಅಂತ ಕಚೇರಿಗೆ ಹೇಳಿಬಿಡಲೇ?" ಎಂದು ಜೊತೆಗಿದ್ದ ಕಿರಿಯ ಸಹೋದ್ಯೋಗಿ ಕೇಳಿದರು. ಮೊದಲು ಆಮ್ಲಜನಕ ನೋಡೋಣ ಎಂದೆ. ಅದು ಶೇಕಡಾ 12.1 ಇತ್ತು.

ಆ ಅಂಕಿ ಕಂಡ ಮೇಲೆ ಉಸಿರು ಹಗುರಾಯಿತು. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವಾಗ ಎಷ್ಟು ಆಮ್ಲಜನಕ ಕಡಿಮೆಯಾಗುತ್ತದೋ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ ಎರಡರ ಮೊತ್ತ ಶೇಕಡಾ 21ರ ಆಸುಪಾಸಿನಲ್ಲಿ ಉಳಿಯುತ್ತದೆ, ಒಂದಿಷ್ಟು ಅನಿಲ ಮಣ್ಣಿನ ನೀರಿನಲ್ಲಿ ಕರಗಿದರೆ ತುಸು ತಗ್ಗುತ್ತದೆ. ನಮ್ಮ ಮೊತ್ತ 20.5. ಇಷ್ಟೇ ಅನಿಲ ಆಳದಿಂದ ನುಗ್ಗಿ ಬಂದಿದ್ದರೆ ಮಣ್ಣಿನ ಗಾಳಿಯನ್ನು ಒಟ್ಟಾಗಿ ತೆಳುವಾಗಿಸುತ್ತಿತ್ತು. ಆಮ್ಲಜನಕ 19ರ ಸುತ್ತ ನಿಂತು, ಸಾರಜನಕ 78ರಿಂದ ಸುಮಾರು 71ಕ್ಕೆ ಇಳಿಯಬೇಕಿತ್ತು. ಇದೇ ಅನಿಲವನ್ನು ನೆಲದಾಳಕ್ಕೆ ತುಂಬುತ್ತಿದ್ದ ಕೆನಡಾದ ವೇಬರ್ನ್ ತೈಲಕ್ಷೇತ್ರದ ಬಳಿ 2011ರಲ್ಲಿ ಸೋರಿಕೆಯ ದೂರು ಎದ್ದಾಗಲೂ ಅನಿಲಗಳ ಇಂಥ ಪರಸ್ಪರ ಪ್ರಮಾಣವೇ ಅಲ್ಲಿನ ಇಂಗಾಲದ ಡೈಆಕ್ಸೈಡ್ ಮಣ್ಣಿನಲ್ಲೇ ಹುಟ್ಟಿದ್ದೆಂದು ತೋರಿಸಿತ್ತು.

ಹಾಗಿದ್ದರೂ ಮಾದರಿಯೊಂದನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ ಪ್ರಯೋಗಾಲಯಕ್ಕೆ ಕಳುಹಿಸಿದೆ. ನಾವು ತುಂಬುವ ಅನಿಲದಂತೆ ಕಲ್ಲಿದ್ದಲು, ತೈಲಗಳಿಂದ ಬಂದ ಇಂಗಾಲದಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರುವುದಿಲ್ಲ. ನಮ್ಮ ಮಾದರಿಯಲ್ಲಿ ಅದು ಸಾಕಷ್ಟಿತ್ತು. ಸಾರಜನಕವೂ ಇಳಿದಿರಲಿಲ್ಲ.

ನನ್ನನ್ನು ಇಂದಿಗೂ ಕಾಡುವುದು ಆ 1.6. ಅನಿಲ ತುಂಬುವ ಮುನ್ನ ಇಡೀ ವರ್ಷದ ಅಳತೆ ಬೇಕೆಂದು ಕೇಳಿದ್ದೆವು, ದೊರೆತದ್ದು ಬೇಸಗೆಯ ಮೂರು ತಿಂಗಳು. ಒಣಮಣ್ಣಿನ ಅಂಕಿಯನ್ನೇ ಸಹಜವೆಂದು ಹಿಡಿದರೆ ಪ್ರತಿ ಮಳೆಯೂ ಸೋರಿಕೆಯಾಗಿ ಕಾಣುತ್ತದೆ, ಸುಳ್ಳು ಎಚ್ಚರಿಕೆಗಳಿಗೆ ಕಿವಿ ಒಗ್ಗಿಹೋದ ಮೇಲೆ ನಿಜವಾದ ಸೋರಿಕೆಯ ದಿನ ಯಾರೂ ಓಡಿ ಬರುವುದಿಲ್ಲ. ಅಂದು ಸಂಜೆ ದಾಖಲೆ ಪುಸ್ತಕದಲ್ಲಿ ಮಣ್ಣಿನ ತೇವಕ್ಕೆಂದು ಹೊಸ ಅಂಕಣ ಎಳೆದೆ. ಮುಂದಿನ ವಾರ, ನೆಲ ಆರಿದ ಮೇಲೆ, ಅದೇ ಜಾಗದಲ್ಲಿ 5.2 ಎಂದು ಬರೆದೆವು.