ಅಟ್ಟದ ಮೇಲೆ ಕೊಬ್ಬರಿ, ಕೈಯಲ್ಲಿ ಬ್ಯಾಟರಿ

ಸಂಕ್ರಾಂತಿಗೆ ಊರಿಗೆ ಹೋಗುವಾಗ ಬಟ್ಟೆಬರೆಗಿಂತ ಜಾಸ್ತಿ ಜಾಗ ಹಿಡಿದದ್ದು ನನ್ನ ಆರ್‌ಸಿ ವಿಮಾನ, ಅಂದರೆ ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ರಾಗಿ ಕಟಾವಾಗಿ ಹೊಲ ಖಾಲಿ ಬಿದ್ದಿರುತ್ತದೆ. ಬೆಂಗಳೂರಿನಲ್ಲಿ ಅಂಥ ಬಯಲು ಎಲ್ಲಿ ಸಿಗಬೇಕು? ಬದುವಿನ ಉದ್ದಕ್ಕೂ ತೆಂಗಿನ ಮರ ಇರೋದು ಗೊತ್ತಿರಲಿಲ್ವಾ ಅಂತ ಮಾತ್ರ ಕೇಳಬೇಡಿ. ಸಣ್ಣವನಿದ್ದಾಗ ಆ ಮರಗಳಿಗೆ ನೀರು ಹೊತ್ತವನೇ ನಾನು.

ನಾಲ್ಕು ನಿಮಿಷ ಚೆನ್ನಾಗಿಯೇ ಹಾರಿತು. ಇಳಿಸೋಣ ಅಂತ ತಿರುಗಿಸಿದೆ. ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಆಮೇಲೆ ಕಂಡದ್ದು ತೆಂಗಿನ ಗರಿ ಅಲ್ಲಾಡಿದ್ದು. ಎಡ ರೆಕ್ಕೆಯ ಒಂದು ತುಂಡು ಮರದಲ್ಲೇ ಸಿಕ್ಕಿಕೊಂಡಿತು. ಉಳಿದದ್ದೆಲ್ಲ ಮೂಗು ಕೆಳಗಾಗಿ ಬಂದು ಬದುವಿನ ಕಲ್ಲಿಗೆ ಬಡಿಯಿತು.

ವಿಮಾನದ ಚಿಂತೆ ಇರಲಿಲ್ಲ. ಫೋಮಿನ ಮೈ, ಅಂಟು ಹಾಕಿದರೆ ಎದ್ದು ಕೂರುತ್ತದೆ. ಬ್ಯಾಟರಿ ಮಾತ್ರ ಪಟ್ಟಿ ಕಿತ್ತುಕೊಂಡು ಮುಂದಕ್ಕೆ ಹಾರಿ ಕಲ್ಲಿಗೆ ತಾಗಿತ್ತು. 3 ಸೆಲ್‌ಗಳ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, 2200 ಎಂಎಎಚ್, 11.1 ವೋಲ್ಟ್. ಕೊಂಡು ನಾಲ್ಕೇ ತಿಂಗಳು. ಕೊಟ್ಟದ್ದು 1,900 ರೂಪಾಯಿ. ಒಂದು ಮೂಲೆ ಒಳಕ್ಕೆ ಹೋಗಿತ್ತು, ಹೆಬ್ಬೆರಳಿನ ಉಗುರು ಕೂರುವಷ್ಟು. ಉಬ್ಬಿರಲಿಲ್ಲ. ಬಿಸಿಯಾಗಿರಲಿಲ್ಲ. ಮೂಸಿ ನೋಡಿದೆ. ಒಳಗಿನ ದ್ರವ ಸೋರಿದ್ದರೆ ಥಿನ್ನರ್‌ನಂಥ ಸಿಹಿ ಸಿಹಿ ವಾಸನೆ ಬರುತ್ತದೆ. ಅದೂ ಇರಲಿಲ್ಲ.

ಅಕ್ಕನ ಮಗ ಪಕ್ಕದಲ್ಲೇ ಇದ್ದ. ಎರಡನೇ ಪಿಯುಸಿ ಹುಡುಗ. ಓಡಿಹೋಗಿ, ಒಂದೊಂದು ಸೆಲ್ಲಿನ ವೋಲ್ಟೇಜು ತೋರಿಸುವ ಸೆಲ್ ಚೆಕರ್ ತಂದು ಬ್ಯಾಟರಿಯ ಬಿಳಿ ಪ್ಲಗ್‌ಗೆ ಸಿಕ್ಕಿಸಿದ. 3.84, 3.84, 3.83.

"ಮಾಮ, ಏನೂ ಆಗಿಲ್ಲ. ಸರಿಗೈತೆ ನೋಡು!"

ನನಗೆ ಬೇಕಾಗಿದ್ದೂ ಅದೇ ಮಾತು. 0.01 ವೋಲ್ಟಿನ ವ್ಯತ್ಯಾಸವನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ? ಹೊಸ ಬ್ಯಾಟರಿಯಲ್ಲೂ ಅಷ್ಟು ಇರುತ್ತದೆ. ಆದರೆ ವೋಲ್ಟೇಜು ಹೇಳುವುದು ಒಳಗೆ ಎಷ್ಟು ಚಾರ್ಜ್ ಇದೆ ಅಂತ. ಪೆಟ್ಟು ಎಷ್ಟು ಬಿದ್ದಿದೆ ಅಂತ ಅದು ಹೇಳಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮೂರು ಅಂಕಿಗಳನ್ನು ನೋಡಿ ಖುಷಿಪಟ್ಟೆ.

ಲಿಪೋ ಒಳಗೆ ಏನಿದೆ ಅಂದರೆ, ತೆಳು ತೆಳು ಹಾಳೆಗಳ ಮಡಿಕೆ. ಪ್ಲಸ್ಸಿನ ಹಾಳೆ, ಮೈನಸ್ಸಿನ ಹಾಳೆ, ಎರಡೂ ಒಂದಕ್ಕೊಂದು ತಾಗದ ಹಾಗೆ ನಡುವೆ ಪ್ಲಾಸ್ಟಿಕ್ಕಿನ ಪೊರೆ. ಆ ಪೊರೆಯ ದಪ್ಪ ಸುಮಾರು 20 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ತೆಳು. ಇದೆಲ್ಲ ನೆನೆದಿರುವುದು ಬೆಂಕಿ ಹತ್ತುವ ದ್ರವದಲ್ಲಿ. ಟಾರ್ಚಿನ ಲಿಥಿಯಂ ಸೆಲ್‌ಗೆ ಇರುವ ತಗಡಿನ ಕವಚ ಇದಕ್ಕಿಲ್ಲ. ವಿಮಾನಕ್ಕೆ ತೂಕ ಉಳಿಸಬೇಕಲ್ಲ, ಅದಕ್ಕೆ ಬರೀ ಅಲ್ಯೂಮಿನಿಯಂ ಫಾಯಿಲ್ ಹೊದಿಕೆ. ಮೂಲೆ ಕುಗ್ಗಿದರೆ ಒಳಗಿನ ಹಾಳೆಗಳೂ ಕುಗ್ಗಿರುತ್ತವೆ. ಪೊರೆ ಹರಿದಿದ್ದರೆ ಅಲ್ಲೇ ಸಣ್ಣ ಶಾರ್ಟ್. ಅದು ತಕ್ಷಣ ಹೊತ್ತಿಕೊಳ್ಳಬಹುದು. ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೂ ಹೊತ್ತಿಕೊಳ್ಳಬಹುದು. ಎಷ್ಟೋ ಸಲ ಮುಂದಿನ ಸಲ ಚಾರ್ಜಿಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ.

ಹಾಗಾಗಿ ಮನೆಯೊಳಗೆ ತರಲಿಲ್ಲ. ಅಮ್ಮನ ಹಳೇ ಮಣ್ಣಿನ ಗಡಿಗೆಗೆ ಮರಳು ತುಂಬಿ, ಅದರಲ್ಲಿ ಬ್ಯಾಟರಿ ಇಟ್ಟು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಟ್ಟೆ. ಸುತ್ತ ಹತ್ತು ಹೆಜ್ಜೆ ಏನೂ ಇಲ್ಲದ ಜಾಗ.

"ಅದೇನ್ಲಾ ಅದು, ಗಡಿಗೇಲಿ ಮುಚ್ಚಿಕ್ಕಿದೀಯ?" ಅಂದರು ಅಪ್ಪ.

"ಬ್ಯಾಟರಿ ಅಪ್ಪ. ಪೆಟ್ಟು ಬಿದ್ದೈತೆ."

"ಬಿದ್ದಿದ್ರೆ ಬಿಸಾಕು."

"ಹತ್ತೊಂಬತ್ತು ನೂರು ಅಪ್ಪ."

ಅಪ್ಪ ಮಾತಾಡಲಿಲ್ಲ. ಜಗಲಿಯಲ್ಲಿ ಅಮ್ಮ ಅಟ್ಟಕ್ಕೆ ಹಾಕುವ ಕಾಯಿ ಆರಿಸುತ್ತಿದ್ದರು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ತಿಂಗಳು, ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಅಮ್ಮ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಕೆಲವನ್ನು ಅಡುಗೆಮನೆ ಕಡೆಗೆ ಉರುಳಿಸುತ್ತಿದ್ದರು. ಕೀಳುವಾಗ ಕಲ್ಲಿನ ಮೇಲೆ ಬಿದ್ದ ಕಾಯಿ ಒಳಗೇ ಬಿರುಕು ಬಿಟ್ಟಿದ್ದರೆ ನೀರು ಸೋರಿ ಸದ್ದು ಬರಲ್ಲ. ಹೊರಗೆ ಸಿಪ್ಪೆ ನೆಟ್ಟಗೇ ಇರುತ್ತದೆ, ನೋಡಿದರೆ ಗೊತ್ತಾಗಲ್ಲ. ಅಂಥ ಕಾಯಿ ಅಟ್ಟದ ಮೇಲೆ ಕೊಳೆಯುತ್ತದೆ. ಅಮ್ಮ ಬ್ಯಾಟರಿ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮಾತ್ರ ಆ ಕೈಯನ್ನೇ ನೋಡುತ್ತಾ ಕೂತೆ.

ಬೆಳಿಗ್ಗೆ ಎದ್ದವನೇ ಚೆಕರ್ ಹಾಕಿದೆ. 3.84, 3.84, 3.79.

ಎರಡು ಸೆಲ್ ಇದ್ದ ಹಾಗೇ ಇವೆ. ಮೂರನೆಯದರ ಚಾರ್ಜ್ ಏನೂ ಕೆಲಸ ಮಾಡದೆ ರಾತ್ರಿಯಿಡೀ ಸೋರಿದೆ. ಚಾರ್ಜರಿಗೂ ಕೂಡಿಸಿದೆ. ಚಾರ್ಜ್ ಮಾಡೋಕಲ್ಲ, ಇಂಟರ್ನಲ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಸೆಲ್ಲಿನ ಒಳಗೇ ಇರುವ ತಡೆ, ಎಷ್ಟಿದೆ ನೋಡೋಕೆ. ತಡೆ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. 7, 8, 19 ಮಿಲಿಓಮ್. ವಿಮಾನ ಮೇಲೇರುವಾಗ ಮೋಟರು 25 ಆ್ಯಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಒಳ್ಳೆಯ ಸೆಲ್ಲಿನಲ್ಲಿ ನಾಲ್ಕೂವರೆ ವ್ಯಾಟ್ ಬಿಸಿಯಾಗಿ ಹೋಗುತ್ತದೆ, ಈ ಸೆಲ್ಲಿನಲ್ಲಿ ಹನ್ನೆರಡು ವ್ಯಾಟ್ ಹತ್ತಿರ. ಅದೂ ಪೆಟ್ಟು ತಿಂದ ಸೆಲ್ಲಿನಲ್ಲೇ. ಹಾರಿಸುವ ಮಾತು ಅಲ್ಲಿಗೆ ಮುಗಿಯಿತು.

ಆದರೆ ಹುಡುಗನ ತಲೆ ಸುಮ್ಮನಿರಬೇಕಲ್ಲ. "ಮಾಮ, ಕೆಟ್ಟಿರೋದು ಒಂದು ತಾನೆ? ಅದನ್ನ ಕತ್ತರಿಸಿ ತೆಗೆದರೆ ಇನ್ನೆರಡರಲ್ಲಿ 7.4 ವೋಲ್ಟ್ ಬರುತ್ತೆ. ಕೊಟ್ಟಿಗೆಗೆ ಎಲ್‌ಇಡಿ ಲೈಟ್ ಮಾಡೋಣ."

ನಿಜ ಹೇಳಬೇಕಂದರೆ ಒಂದು ಗಳಿಗೆ ಆಸೆಯಾಯಿತು. ಕರೆಂಟು ಹೋದಾಗ ಅಪ್ಪ ಕೊಟ್ಟಿಗೆಯಲ್ಲಿ ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಹಾಲು ಕರೆಯುತ್ತಾರೆ. ಆದರೆ ಸೆಲ್ಲುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸುವಾಗ ಫಾಯಿಲ್ ತೂತಾಗಬಹುದು. ಕತ್ತರಿ ಸೆಲ್ಲಿನ ಪ್ಲಸ್, ಮೈನಸ್ ಎರಡೂ ಲೋಹದ ಪಟ್ಟಿಗೆ ಒಟ್ಟಿಗೆ ತಾಗಿದರೆ ಅದೇ ಶಾರ್ಟ್. ಇನ್ನು ಆ ಎರಡು ಸೆಲ್ಲುಗಳೂ ಅದೇ ಕಲ್ಲಿಗೆ ಬಿದ್ದವೇ ತಾನೆ? ಇವತ್ತು ಸೋರಿಲ್ಲ, ಅಷ್ಟೇ. ಇಟ್ಟುಕೊಂಡರೆ ಚಾರ್ಜಿಗೆ ಹಾಕೋದು ಎಲ್ಲಿ? ಕೊಟ್ಟಿಗೆಯ ಮೇಲೆ ಒಣಹುಲ್ಲು. ಮನೆಯ ಅಟ್ಟದಲ್ಲಿ ವರ್ಷದ ದುಡಿಮೆ, ಒಣಗಿದ ಸಿಪ್ಪೆ, ಒಳಗೆಲ್ಲ ಎಣ್ಣೆ. ಕಾಯಿ ತುಂಬಿದ ಅಟ್ಟದ ಕೆಳಗೆ ಈ ಬ್ಯಾಟರಿ ಚಾರ್ಜಿಗೆ ಹಾಕಿ ನಿದ್ದೆ ಮಾಡುತ್ತೀಯಾ ಅಂತ ನನ್ನನ್ನೇ ಕೇಳಿಕೊಂಡೆ. ಉತ್ತರ ಹುಡುಕಬೇಕಾಗಿರಲಿಲ್ಲ.

ಒಳಗಿನ ಚಾರ್ಜ್ ಪೂರ್ತಿ ಇಳಿಸಿ ಬ್ಯಾಟರಿಯನ್ನು ಸಾಯಿಸೋದು ಹೇಗೆ ಅನ್ನೋದು ಮುಂದಿನ ಪ್ರಶ್ನೆ. ಉಪ್ಪುನೀರಲ್ಲಿ ಮುಳುಗಿಸು ಅನ್ನುವವರು ಬಹಳ ಜನ. ಅದರಲ್ಲಿ ಕನೆಕ್ಟರು, ತಂತಿ ತುಕ್ಕು ಹಿಡಿದು ಸಂಪರ್ಕ ಕಡಿದುಹೋಗಿ ಒಳಗಿನ ಚಾರ್ಜ್ ಹಾಗೇ ಉಳಿಯಬಹುದು. ನನಗೆ ನಂಬಿಕೆ ಇಲ್ಲ. ಟ್ರ್ಯಾಕ್ಟರ್ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬು ಮನೆಯಲ್ಲಿತ್ತು. ಅದಕ್ಕೆ ತಂತಿ ಬೆಸೆದು ಗಡಿಗೆಯ ಬ್ಯಾಟರಿಗೆ ಕೂಡಿಸಿ ದೂರ ಬಂದು ನಿಂತೆವು. ಬಲ್ಬು ಮುಕ್ಕಾಲು ಗಂಟೆ ಉರಿದು ಕೆಂಪಾಯಿತು, ಆಮೇಲೆ ಮಂಕಾಯಿತು. ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಮೂರೂ ಸೆಲ್ ಸೊನ್ನೆ ಹತ್ತಿರ. ಇನ್ನು ಅದಕ್ಕೆ ಯಾವ ಕಾರಣಕ್ಕೂ ಚಾರ್ಜ್ ಹಾಕುವ ಹಾಗಿಲ್ಲ, 3 ವೋಲ್ಟಿಗಿಂತ ಕೆಳಗೆ ಹೋದ ಲಿಪೋ ಹಾಳಾದ ಹಾಗೆಯೇ. ಮತ್ತೆ ನನಗೇ ಆಸೆಯಾದರೂ ದಾರಿ ಇರಲಿಲ್ಲ. ಒಳ್ಳೆಯದೇ ಆಯಿತು.

ಗುಜರಿಯವರಿಗೆ ಕೊಡಲು ಮನಸ್ಸಾಗಲಿಲ್ಲ. ತಾಮ್ರಕ್ಕೆ ಅಂತ ಸುತ್ತಿಗೆಯಲ್ಲಿ ಜಜ್ಜಿಬಿಟ್ಟಾರು. ಬ್ಯಾಟರಿಯ ಮೇಲೆ ಕಸದ ಬುಟ್ಟಿಗೆ ಅಡ್ಡಗೆರೆ ಎಳೆದ ಗುರುತಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರವೂ ಇದನ್ನು ಮನೆಯ ಕಸದ ಜೊತೆ ಹಾಕುವಂತಿಲ್ಲ. ಕನೆಕ್ಟರಿಗೆ ಟೇಪ್ ಸುತ್ತಿ ಬೆಂಗಳೂರಿಗೆ ತಂದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ. ಅವರು ಮೂಲೆಯ ತಗ್ಗನ್ನು ನೋಡಿ, ಬೇರೆ ಡಬ್ಬಿಗೆ ಹಾಕಿದರು.

ಅಮ್ಮ ಆ ಗಡಿಗೆಯನ್ನು ಮತ್ತೆ ಒಳಗೆ ತರಲಿಲ್ಲ. ಅದು ಇನ್ನೂ ಒಗೆಯುವ ಕಲ್ಲಿನ ಹತ್ತಿರವೇ ಇದೆ. ಎರಡು ತಿಂಗಳ ಮೇಲೆ ಕಾಯಿ ಕೀಳುವವರು ಮರ ಹತ್ತಿದಾಗ ನನ್ನ ರೆಕ್ಕೆಯ ತುಂಡನ್ನೂ ಕೆಳಗೆ ಹಾಕಿದರಂತೆ. ಹುಡುಗ ಫೋನ್ ಮಾಡಿ, "ಮಾಮ, ರೆಕ್ಕೆ ಸಿಕ್ತು. ಹೊಸ ಬ್ಯಾಟರಿ ತಗೊಂಡು ಬಾ" ಅಂದ.