ಹೆಸರು ಹುಡುಕಿಕೊಂಡು ಮಾಲ್ಟಾಕ್ಕೆ

ನಮ್ಮ ಕಡೆ ಲಾರಿಯ ಹಣೆ ಮೇಲೆ ಮಕ್ಕಳ ಹೆಸರು ಬರೆಸುತ್ತಾರಲ್ಲ, ಯುದ್ಧದ ವಿಮಾನಗಳ ಮೇಲೂ ಹಾಗೆ ಬರೆದಿರುತ್ತಾರೆ. ಫೋಟೋಗಳಲ್ಲಿ ಅದನ್ನು ಹುಡುಕಿ ಹುಡುಕಿ ನೋಡೋದು ನನ್ನ ಹಳೇ ಚಟ. ಅಕ್ಕ ಮಾಲ್ಟಾದಲ್ಲಿ ನರ್ಸ್. ಅವಳ ಮನೆಗೆ ಹೋದ ಮೂರನೇ ದಿನವೇ ವ್ಯಾಲೆಟ್ಟಾದ ಸೇಂಟ್ ಎಲ್ಮೋ ಕೋಟೆಗೆ ಹೊರಟೆವು. ಅಲ್ಲಿನ ಯುದ್ಧ ಮ್ಯೂಸಿಯಂನಲ್ಲಿ ‘ಫೇತ್’ ಇದೆ.

ಫೇತ್, ಹೋಪ್, ಚಾರಿಟಿ. 1940ರಲ್ಲಿ, ಮಾಲ್ಟಾ ಬ್ರಿಟಿಷರ ಕೈಯಲ್ಲಿದ್ದಾಗ, ಈ ಪುಟ್ಟ ದ್ವೀಪವನ್ನು ಇಟಲಿಯ ಬಾಂಬರ್‌ಗಳಿಂದ ಕಾದವು ಅಂತ ಹೆಸರಾದ ಮೂರು ವಿಮಾನಗಳು. ಕನ್ನಡ ಬೈಬಲ್‌ನಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಅಂತ ಬರುತ್ತದಲ್ಲ, ಅದೇ. ಇಂಗ್ಲಿಷಿನವರಲ್ಲಿ ಹೆಣ್ಣುಮಕ್ಕಳಿಗೂ ಈ ಹೆಸರಿಡುತ್ತಾರೆ.

ನಗರದ ಬಾಗಿಲಿನಿಂದ ರಿಪಬ್ಲಿಕ್ ಬೀದಿಯಲ್ಲಿ ಮೂಗಿನ ನೇರಕ್ಕೆ ನಡೆದರೆ ಕೊನೆಗೆ ಸಿಗೋದೇ ಕೋಟೆ. ಬಿಸಿಲು ಅಂದರೆ ಬಿಸಿಲು. ಎರಡೂ ಕಡೆ ಹಳದಿ ಕಲ್ಲಿನ ಮನೆಗಳು, ಕಣ್ಣು ಬಿಡೋಕಾಗಲ್ಲ.

ಒಳಗೆ ಫೇತ್ ನಿಂತಿದೆ, ರೆಕ್ಕೆಗಳಿಲ್ಲದೆ. ಒಂದರ ಮೇಲೊಂದು ಜೋಡಿ ರೆಕ್ಕೆ ಇರಬೇಕಾದ ಸೀ ಗ್ಲಾಡಿಯೇಟರ್ ಇದು. ಈಗ ಮೂತಿ, ಮೈ, ಬಾಲ ಅಷ್ಟೇ. ಎರಡು ಸುತ್ತು ಹಾಕಿದೆ. ಬಗ್ಗಿ ನೋಡಿದೆ. ಪೈಲಟ್ ಕೂರುವ ಜಾಗದ ಕೆಳಗೆ, ಎಂಜಿನ್ನಿನ ಹತ್ತಿರ, ಎಲ್ಲಾ ಕಡೆ ಕಣ್ಣಾಡಿಸಿದೆ. ಕಣ್ಣಿಗೆ ಬಿದ್ದಿದ್ದು ಬಾಲದ ಕಡೆಯ ಕಪ್ಪು ನಂಬರು ಮಾತ್ರ: ಎನ್ 5520.

"ಎಲ್ಲೋ ಹೆಸರು? ಇದಕ್ಕೇನಾ ನನ್ನ ರಜೆ ಹಾಳು ಮಾಡಿದ್ದು?" ಅಂದಳು ಅಕ್ಕ.

"ಇವು ಹಾರಾಡುವಾಗ ಹೆಸರೇ ಇರಲಿಲ್ಲ ಅಕ್ಕ. ಆಮೇಲೆ ಜನರ ಬಾಯಲ್ಲಿ ಬಂದಿದ್ದು."

ನಿಜವಾಗಿ ಆಗಿದ್ದು ಇಷ್ಟು. ಎಚ್‌ಎಂಎಸ್ ಗ್ಲೋರಿಯಸ್ ಅನ್ನೋ ವಿಮಾನವಾಹಕ ಹಡಗು 18 ಸೀ ಗ್ಲಾಡಿಯೇಟರ್‌ಗಳನ್ನು ಮರದ ಪೆಟ್ಟಿಗೆಯಲ್ಲೇ ಮಾಲ್ಟಾದ ಕಲಾಫ್ರಾನಾದಲ್ಲಿ ಬಿಟ್ಟಿತ್ತು. ಅವು ನೌಕಾಪಡೆಯ ಸ್ವತ್ತು, ದ್ವೀಪಕ್ಕೆ ಅಂತ ಬಂದವಲ್ಲ. ಇಟಲಿ ಯುದ್ಧಕ್ಕಿಳಿಯುವ ಹೊತ್ತಿಗೆ ಇಲ್ಲಿ ಬೇರೆ ಫೈಟರ್ ಇರಲಿಲ್ಲ. ಪೆಟ್ಟಿಗೆ ಒಡೆದು ಕೆಲವನ್ನು ಜೋಡಿಸಿದರು, ವಾಯುಪಡೆಯ ಪೈಲಟ್‌ಗಳು ಹತ್ತಿದರು. ಪಾಪ, ಆ ಗ್ಲೋರಿಯಸ್ ಜೂನ್ 8ರಂದು ನಾರ್ವೆ ಹತ್ತಿರ ಮುಳುಗಿತು. ಮಾಲ್ಟಾದ ಮೇಲೆ ಮೊದಲ ಬಾಂಬು ಬಿದ್ದಿದ್ದು ಜೂನ್ 11ಕ್ಕೆ.

ಮೂರೇ ವಿಮಾನ ಅನ್ನೋದೂ ಕಥೆಯೇ. ಹಾರಾಡಿದ್ದು ಅದಕ್ಕಿಂತ ಜಾಸ್ತಿ. ಒಂದು ಕೆಟ್ಟರೆ ಅದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕೋದು, ಸಾಲದಿದ್ದರೆ ಬ್ಲೆನಿಮ್ ಬಾಂಬರ್‌ನ ಎಂಜಿನ್ ಕೂರಿಸೋದು, ಹೀಗೆ ಹಳ್ಳಿ ಗ್ಯಾರೇಜಿನ ಥರ ನಡೆಸಿದರು. ಹಾಗಿರುವಾಗ ಹೋಪ್ ಯಾವುದು, ಚಾರಿಟಿ ಯಾವುದು ಅಂತ ಗೆರೆ ಎಳೆದ ಹಾಗೆ ಹೇಳೋದು ಹೇಗೆ? ಪುಸ್ತಕಗಳಲ್ಲಿ ನಂಬರು ಹಿಡಿದು ಹೆಸರು ಹಂಚಿದ್ದಾರೆ. 1940ರ ಜುಲೈ 31ರಂದು ಕೆಡವಲ್ಪಟ್ಟ ಎನ್ 5519 ಚಾರಿಟಿಯಂತೆ. ಅದರ ಪೈಲಟ್ ಮೈಯೆಲ್ಲ ಸುಟ್ಟುಕೊಂಡ. ಅವನು ಹಾರುವಾಗ ಅದು ಬರೀ ನಂಬರು.

ಫೇತ್‌ಗೆ ಮಾತ್ರ ಅದೃಷ್ಟ ಇತ್ತು. 1943ರ ಸೆಪ್ಟೆಂಬರ್ 3ರಂದು ಏರ್ ವೈಸ್ ಮಾರ್ಷಲ್ ಕೀತ್ ಪಾರ್ಕ್ ಅದನ್ನು ಅರಮನೆ ಚೌಕದಲ್ಲಿ ಮಾಲ್ಟಾದ ಜನರಿಗೆ ಒಪ್ಪಿಸಿದರು. ಆಗಲೂ ರೆಕ್ಕೆ ಇರಲಿಲ್ಲ.

ಇದೇ ಮ್ಯೂಸಿಯಂನಲ್ಲಿ ಇಡೀ ದ್ವೀಪಕ್ಕೆ ಬ್ರಿಟನ್ನಿನ ರಾಜ ಕೊಟ್ಟ ಜಾರ್ಜ್ ಕ್ರಾಸ್ ಶೌರ್ಯ ಪದಕವೂ ಇದೆ, ಎಲ್ಲರೂ ಅದರ ಮುಂದೆ ಗುಂಪಾಗಿದ್ದರು. ನನಗೆ ಅಷ್ಟೊಂದು ಅನ್ನಿಸಲಿಲ್ಲ. ಹೊರಗೆ ಬಂದು ಕೋಟೆ ಗೋಡೆ ಮೇಲೆ ನಿಂತಾಗ ಅಕ್ಕನಿಗೆ ಹೇಳಿದೆ: ಮೊದಲ ಬಾಂಬು ಬಿದ್ದ ಆ ದಿನವೇ ಈ ಕೋಟೆಯಲ್ಲಿದ್ದ ಆರು ಜನ ಮಾಲ್ಟಾ ಫಿರಂಗಿದಳದವರು ಸತ್ತರು, ಒಬ್ಬನಿಗೆ ಬರೀ 16 ವರ್ಷ. ಅವಳು ಸಮುದ್ರದ ಕಡೆ ನೋಡುತ್ತಾ, "ನಮ್ಮ ವಾರ್ಡಲ್ಲಿ ಒಬ್ಬರು ಅಜ್ಜಿ ಇದ್ದಾರೆ ಕಣೋ, ರಾತ್ರಿ ಏನಾದ್ರೂ ಬಿದ್ದು ಸದ್ದಾದರೆ ಮಂಚದ ಕೆಳಗೆ ಇಳೀತಾರೆ" ಅಂದಳು.

ಬಸ್ ಸ್ಟ್ಯಾಂಡಿಗೆ ವಾಪಸ್ ನಡೆಯುವಾಗ ಬಟಾಣಿ ಹೂರಣದ ಪಸ್ತಿಜ್ಜಿ ತಗೊಂಡೆವು, ನಮ್ಮ ಬೇಕರಿ ಪಫ್ಸ್‌ನ ದೊಡ್ಡಪ್ಪನ ಮಗ ಅಂತಿಟ್ಟುಕೊಳ್ಳಿ. ಬಾಯಿ ಸುಟ್ಟಿತು. ಅಕ್ಕ ಆ ಅಜ್ಜಿಗೂ ಎರಡು ಕಟ್ಟಿಸಿಕೊಂಡಳು.